ಮನೆ ನೋಡಲು ಬಂದವರು

“ಅದೆಲ್ಲ ಆಗುವ ಮಾತಲ್ಲ” ಎಂದು ಮೊದಲು ಹೇಳಿದವರು ನನ್ನ ಮಾವ, ಅಮ್ಮನ ಅಣ್ಣ. ನಾನು ಎಂ.ಎ. ಮುಗಿಸಿ ಎರ್ಮಾಳಿನ ಮನೆಗೆ ಬಂದು, ಪಿಎಚ್.ಡಿ.ಗೆ ಸೇರುತ್ತೇನೆ ಎಂದಾಗ ಅವರು ನಮ್ಮ ಅಂಗಳದಲ್ಲಿ ಕುಳಿತು ಬಲೆಯ ಹರುಕು ಸರಿಮಾಡುತ್ತಿದ್ದರು. ತಲೆ ಎತ್ತಲಿಲ್ಲ.

“ಎಂತದರ ಬಗ್ಗೆ?”

“ಸಂತೆಗಳ ಚರಿತ್ರೆ, ಮಾವ. ಕಾರ್ಕಳದ ಕಡೆಯ ಹಳೆ ಸಂತೆಗಳು. ಇಲ್ಲಿಂದ ಎಂತೆಲ್ಲ ಘಟ್ಟದ ಮೇಲೆ ಹೋಗ್ತಿತ್ತು, ಅಲ್ಲಿಂದ ಎಂತ ಇಳಿದು ಬರ್ತಿತ್ತು ಅಂತ.”

“ಸಂತೆಗೆ ಹೋಗಿ ಮೀನು ಮಾರಿದ್ರೆ ಹಣ ಸಿಗ್ತದೆ. ಸಂತೆ ಬಗ್ಗೆ ಬರೆದ್ರೆ ಯಾರು ಕೊಡುದು ಮಾರಾಯ್ತಿ?”

“ಫೆಲೋಶಿಪ್ ಅಂತ ಉಂಟು.”

“ಹಣ ಕೊಡುವವ ಎಂತದನ್ನಾದರೂ ನೋಡಿಯೇ ಕೊಡುದು. ಬೋಟಿಗೆ ಸಾಲ ಕೊಡುವವ ಮೊದಲು ಬೋಟು ನೋಡ್ತಾನೆ. ನಿನ್ನಲ್ಲಿ ನೋಡ್ಲಿಕ್ಕೆ ಎಂತ ಉಂಟು?”

ಮಾವ ಹೇಳಿದ್ದರಲ್ಲಿ ಅರ್ಧ ಸುಳ್ಳಾಯಿತು, ಅರ್ಧ ನಿಜವಾಯಿತು. ಆಗುವುದಿಲ್ಲ ಎಂದದ್ದು ಆಯಿತು. ಆದರೆ ಹಣ ಕೊಡುವವರು ನೋಡಲು ಬಂದರು. ನನ್ನನ್ನಲ್ಲ, ಅಮ್ಮನನ್ನು.

ನನ್ನ ಮಹಾಪ್ರಬಂಧದ ಕೃತಜ್ಞತೆಯ ಪುಟದಲ್ಲಿ “ಸಂಶೋಧನೆಗೆ ಉದಾರವಾಗಿ ನೆರವು ನೀಡಿದ ಟ್ರಸ್ಟಿನ ಮಹನೀಯರಿಗೆ” ಎಂದು ಬರೆದಿದ್ದೇನೆ. ಅದು ಸುಳ್ಳಲ್ಲ. ಅವರ ನೆರವಿಲ್ಲದಿದ್ದರೆ ಆ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಆ ನೆರವು ಯಾವ ದಾರಿಯಲ್ಲಿ ಬಂತು ಎಂದು ಹೇಳಲು ಕೃತಜ್ಞತೆಯ ಪುಟದಲ್ಲಿ ಜಾಗ ಇರುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ಆಡುವುದು ತುಳು. ಓದುವವರಿಗೆ ತಿಳಿಯಲಿ ಎಂದು ಎಲ್ಲವನ್ನೂ ಕನ್ನಡಕ್ಕೆ ತಂದಿದ್ದೇನೆ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ನಾನು ಹೈಸ್ಕೂಲಿನಲ್ಲಿರುವಾಗಲೇ ಅಪ್ಪ ತೀರಿಕೊಂಡರು. ಅಮ್ಮ ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡು ಪಡುಬಿದ್ರಿಗೆ ಹೋಗಿ, ಅಲ್ಲಿಂದ ಇತರ ಹೆಂಗಸರ ಜೊತೆ ಟೆಂಪೋದಲ್ಲಿ ಕಾರ್ಕಳಕ್ಕೆ ಹೋಗಿ ಮಾರುತ್ತಿದ್ದಳು. ಅವಳು ಮಾರುವುದು ದುಬಾರಿ ಅಂಜಲ್. ನಾವು ತಿನ್ನುವುದು ಅಗ್ಗದ ಬೂತಾಯಿ. ಕಾಪುವಿನ ಕಾಲೇಜಿನಲ್ಲಿ ನಾನು ಬಿ.ಎ. ಮಾಡುವಾಗ ಹಿಂದಿನ ಬೆಂಚಿನಲ್ಲಿ ಯಾರೋ ಮೂಗು ಮುಚ್ಚಿಕೊಂಡರೆ ಅದು ನನ್ನಿಂದ ಎಂದೇ ನನಗೆ ಅನ್ನಿಸುತ್ತಿತ್ತು. ಆಮೇಲಾಮೇಲೆ ನಾನೇ ಮುಂದಿನ ಬೆಂಚಿಗೆ ಹೋಗಿ ಕೂತೆ. ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಲಿ. ಫಲಿತಾಂಶ ಬಂದ ದಿನ ಅವರೆಲ್ಲ ನನ್ನ ಹಿಂದೆಯೇ ಇದ್ದರು.

ಪಿಎಚ್.ಡಿ.ಯ ಕತೆ ಬೇರೆ. ಉಡುಪಿಯ ಒಂದು ಸಂಶೋಧನಾ ಕೇಂದ್ರದಲ್ಲಿ ಸೀಟು ಸಿಕ್ಕಿತು. ನನ್ನ ಮಾರ್ಗದರ್ಶಕಿ ಒಳ್ಳೆಯವರು, ನೇರ ಮಾತಿನವರು. ಮೊದಲ ದಿನವೇ ಹೇಳಿದರು:

“ನೋಡಿ, ಪೂರ್ಣಕಾಲಿಕ ಅಂತ ಸೇರಿದ್ದೀರಿ. ಬೇರೆ ಕೆಲಸ ಮಾಡುವ ಹಾಗಿಲ್ಲ. ಆದರೆ ಸ್ಟೈಫಂಡ್ ಕೂಡ ಇಲ್ಲ. ಏನಾದರೊಂದು ಫೆಲೋಶಿಪ್ ನೀವೇ ಹುಡುಕಿಕೊಳ್ಳಬೇಕು.”

ಕೆಲಸ ಮಾಡಬಾರದು, ಹಣವೂ ಇಲ್ಲ. ಈ ನಿಯಮ ಮಾಡಿದವರು ಎಂದಾದರೂ ಬಾಡಿಗೆ ಕಟ್ಟಿದ್ದಾರೆಯೇ ಎಂದು ನನಗೆ ಈಗಲೂ ಸಂಶಯ ಉಂಟು. ನಾನು ಹುಡುಕಿದೆ. ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಯಿತು, ಫೆಲೋಶಿಪ್ಪಿಗೆ ಬೇಕಾದ ಅಂಕದ ಗೆರೆ ಮಾತ್ರ ದಾಟಲಿಲ್ಲ. ಇನ್ನೊಂದು ಕಡೆ ಅರ್ಜಿ ಹಾಕಿದರೆ, ಆ ವರ್ಷ ಅನುದಾನವೇ ಬಂದಿಲ್ಲ ಎಂದರು. ಮತ್ತೊಂದು ಕಡೆ ಫೋನಿನಲ್ಲಿ ಒಬ್ಬರು ಸಮಾಧಾನದಿಂದ ವಿಚಾರಿಸಿದರು. “ಚರಿತ್ರೆಯಾ? ನಮ್ಮದು ಸೈನ್ಸ್ ಮತ್ತು ಟೆಕ್ನಿಕಲ್‌ಗೆ ಮಾತ್ರ ಅಮ್ಮ. ನೀವು ಕಂಪ್ಯೂಟರ್ ಸೇರಿಸಿ ಎಂತಾದರೂ ಮಾಡ್ಲಿಕ್ಕೆ ಆಗ್ತದಾ?” ಸಂತೆಗೆ ಕಂಪ್ಯೂಟರ್ ಹೇಗೆ ಸೇರಿಸುವುದು ಎಂದು ನಾನು ನಿಜವಾಗಿಯೂ ಒಂದು ಸಂಜೆ ಕೂತು ಯೋಚಿಸಿದೆ. ಹಸಿದವರು ಹೀಗೆಲ್ಲ ಯೋಚಿಸುತ್ತಾರೆ.

ಕೊನೆಗೆ ನಿಯಮ ಮುರಿದೆ. ಮಣಿಪಾಲದಲ್ಲಿ ಹೊರರಾಜ್ಯದಿಂದ ಬಂದ ವೈದ್ಯಕೀಯ ವಿದ್ಯಾರ್ಥಿಗಳಿಗೆ ಮಾತಾಡುವಷ್ಟು ಕನ್ನಡ ಹೇಳಿಕೊಡುವ ಖಾಸಗಿ ಪಾಠ ಹಿಡಿದೆ. ವಾರ್ಡಿನಲ್ಲಿ ರೋಗಿಯ ಹತ್ತಿರ ಮಾತಾಡಲು ಅವರಿಗೆ ಕನ್ನಡ ಬೇಕು. “ಎಲ್ಲಿ ನೋವು? ಎಷ್ಟು ದಿನದಿಂದ? ಊಟ ಸೇರ್ತದಾ?” ಸಂಜೆಯಿಡೀ ಇದೇ. ಎದುರಿಗೆ ಕೂತವರು ನನಗಿಂತ ಚಿಕ್ಕವರು. ಅವರ ಕಾಲಿನ ಬೂಟನ್ನು ನೋಡಿದರೆ ನನ್ನ ಒಂದು ವರ್ಷದ ಶುಲ್ಕ ನೆನಪಾಗುತ್ತಿತ್ತು. ಒಳ್ಳೆಯ ಮಕ್ಕಳೇ, ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇದ್ದದ್ದು ಹಗಲಿನ ಮೇಲೆ. ಸಂತೆಗಳಿಗೆ ಹೋಗಿ ವಯಸ್ಸಾದವರ ಜೊತೆ ಕೂರಬೇಕಾದ ಹಗಲುಗಳು ಪಾಠದ ತಯಾರಿಯಲ್ಲಿ, ಬಸ್ಸಿನಲ್ಲಿ ಹೋಗುತ್ತಿದ್ದವು. ನಾನು ಮಾತಾಡಿಸಬೇಕೆಂದಿದ್ದ ಒಬ್ಬ ಅಜ್ಜಿ ಆ ಮಳೆಗಾಲದಲ್ಲಿ ತೀರಿಕೊಂಡರು. ಮಾರ್ಗದರ್ಶಕಿ ನನ್ನ ವರದಿ ನೋಡಿ, “ಹೀಗಾದರೆ ನಿಮ್ಮ ನೋಂದಣಿ ಉಳಿಯುವುದಿಲ್ಲ” ಎಂದರು. ನಂತರ, ಸ್ವಲ್ಪ ತಡೆದು, ಒಂದು ಟ್ರಸ್ಟಿನ ಬಗ್ಗೆ ಹೇಳಿದರು. ಊರಿನಿಂದ ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ಗೆದ್ದವರು ಸೇರಿ ನಡೆಸುವ ಟ್ರಸ್ಟು. ಬಡ ಮಕ್ಕಳ ಓದಿಗೆ ಕೊಡುತ್ತಾರೆ. ಇಂಜಿನಿಯರಿಂಗಿಗೇ ಹೆಚ್ಚು, ಆದರೂ ಕೇಳುವುದರಲ್ಲಿ ತಪ್ಪಿಲ್ಲ.

ಉಡುಪಿಯಲ್ಲಿ ಸಂದರ್ಶನ ಆಯಿತು. ಅಧ್ಯಕ್ಷರು ಬಿಳಿ ಅಂಗಿಯ ದೊಡ್ಡ ಮನುಷ್ಯ. ಅವರ ಪಕ್ಕದಲ್ಲಿ ಕಾರ್ಕಳದ ಒಬ್ಬ ನಿವೃತ್ತ ಹೆಡ್‌ಮಾಸ್ಟರರು.

“ಇದು ಓದಿದರೆ ಎಂತ ಕೆಲಸ ಸಿಗ್ತದೆ?” ಎಂದು ಅಧ್ಯಕ್ಷರು ಕೇಳಿದರು.

“ಕಾಲೇಜಿನಲ್ಲಿ ಪಾಠ ಮಾಡಬಹುದು ಸಾರ್.”

“ಅದು ಈಗಲೂ ಮಾಡಬಹುದಲ್ಲ?”

ಹೆಡ್‌ಮಾಸ್ಟರರು ನಕ್ಕು, “ಇರಲಿ ಬಿಡಿ, ಊರಿನ ವಿಷಯ ಬರೀತಾಳೆ. ಒಮ್ಮೆ ಮನೆ ನೋಡಿ ಬರುವ” ಎಂದರು.

ಮನೆ ನೋಡುವುದು ಅವರ ಪದ್ಧತಿ. ನಿಜವಾಗಿಯೂ ಬಡವರೇ ಎಂದು ಕಣ್ಣಾರೆ ಕಂಡು ಕೊಡುತ್ತಾರೆ. ನಾನು ಅಮ್ಮನಿಗೆ ಸರಿಯಾಗಿಯೇ ಹೇಳಿದ್ದೆ: ಟ್ರಸ್ಟಿನವರು ಮನೆ ನೋಡಲು ಬರುತ್ತಾರೆ, ನಮ್ಮ ಸ್ಥಿತಿ ನೋಡಿ ಹಣ ಕೊಡುತ್ತಾರೆ. ಅಮ್ಮನ ಕಿವಿಗೆ ಬಿದ್ದದ್ದು ಒಂದೇ ಮಾತು: ಮನೆಗೆ ದೊಡ್ಡವರು ಬರುತ್ತಾರೆ.

ಅವರು ಬರುವ ದಿನ ನಾನು ಬೆಳಿಗ್ಗೆ ಉಡುಪಿಗೆ ಹೋಗಿ, ಕಾರಿನಲ್ಲಿ ದಾರಿ ತೋರಿಸುತ್ತಾ ಅವರ ಜೊತೆಯಲ್ಲೇ ಬಂದೆ. ಬಾಗಿಲಲ್ಲಿ ಕಾರು ನಿಂತಾಗ ಇದು ನಮ್ಮ ಮನೆಯೇ ಎಂದು ನನಗೇ ಅನುಮಾನವಾಯಿತು. ಅಂಗಳಕ್ಕೆ ಸೆಗಣಿ ಸಾರಿಸಿತ್ತು. ಕಿಟಕಿಗೆ ಹೊಸ ಪರದೆ. ಅದು ಮಾವನ ಮಗ ದುಬೈಯಿಂದ ತಂದದ್ದು. ಜಗಲಿಯಲ್ಲಿ ಪಕ್ಕದ ಮನೆಯ ಸೋಫಾ, ಅದರ ಎದುರಿಗೆ ಇನ್ಯಾರದೋ ಗಾಜಿನ ಟೀಪಾಯಿ. ಅಮ್ಮನ ಕೊರಳಲ್ಲಿ ಮಾವನ ಹೆಂಡತಿಯ ಚಿನ್ನದ ಸರ. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ಮದುವೆಮನೆಯ ಯಜಮಾನರಂತೆ ಅಂಗಳಕ್ಕೆ ಇಳಿದು ಬಂದು ಕೈಮುಗಿದರು. ಬೇಲಿಯ ಆಚೆಯಿಂದ ಪಕ್ಕದ ಮನೆಯಾಕೆ ನನ್ನನ್ನು ಕರೆದು ಕಿವಿಯಲ್ಲಿ ಕೇಳಿದರು:

“ಹುಡುಗ ಎಂತ ಮಾಡ್ತಾನೆ?”

“ಯಾವ ಹುಡುಗ?”

“ನಿನ್ನನ್ನು ನೋಡ್ಲಿಕ್ಕೆ ಬಂದದ್ದಲ್ವಾ?”

ಬಂದವರಿಗೆ ಮೊದಲು ತಟ್ಟೆಯಲ್ಲಿ ಬೆಲ್ಲ, ಲೋಟದಲ್ಲಿ ತಣ್ಣೀರು. ನಮ್ಮಲ್ಲಿ ಯಾರು ಬಂದರೂ ಇದು ಮೊದಲು, ಮಾತು ಆಮೇಲೆ. ಸಾಲ ಕೇಳಲು ಬಂದವನಿಗೂ ಅಮ್ಮ ಬೆಲ್ಲ ನೀರು ಕೊಟ್ಟ ಮೇಲೆಯೇ ‘ಇಲ್ಲ’ ಎನ್ನುತ್ತಿದ್ದಳು. ಅಷ್ಟಕ್ಕೆ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಒಳಗಿನಿಂದ ಮಸಾಲೆಯ ಪರಿಮಳ ಬಂತು. ಮಾವ ಆ ದಿನದ ಅತಿ ದೊಡ್ಡ ಅಂಜಲನ್ನು ಬಂದರಿನಲ್ಲಿ ಯಾರಿಗೂ ಬಿಡದೆ ಎತ್ತಿಕೊಂಡು ಬಂದಿದ್ದರಂತೆ. ಎಣ್ಣೆಯಲ್ಲಿ ಕಾಯಿಸಿದ ಅಂಜಲ್, ಕೋಳಿ ಸಾರು, ನೀರುದೋಸೆ, ಮೇಲೆ ಪಾಯಸ. ನಾನು ಅಡುಗೆಮನೆಗೆ ಹೋಗಿ ಅಮ್ಮನ ಕೈ ಹಿಡಿದೆ.

“ಎಂತಮ್ಮ ಇದು? ನಾನು ಎಂತ ಹೇಳಿದ್ದು?”

“ಸುಮ್ಮನಿರು. ಮನೆಗೆ ಬಂದವರ ಎದುರು ಬಾಯಿಬಿಡುದಾ?”

ಅಧ್ಯಕ್ಷರು ಚೆನ್ನಾಗಿ ಉಂಡರು. “ಇಂಥ ಅಂಜಲ್ ಮುಂಬಯಿಯಲ್ಲಿ ಕಾಣ್ಲಿಕ್ಕೆ ಸಿಗುದಿಲ್ಲ” ಎಂದರು. ಮಾವ ಇನ್ನೊಂದು ತುಂಡು ಬಡಿಸಿದರು. ಕೈತೊಳೆದು, ಸೋಫಾದಲ್ಲಿ ಒರಗಿ, ಅಧ್ಯಕ್ಷರು ಅಮ್ಮನನ್ನು ಕೇಳಿದರು:

“ಅಮ್ಮಾ, ನಿಮಗೆ ಮಗಳನ್ನು ಓದಿಸ್ಲಿಕ್ಕೆ ಕಷ್ಟ ಉಂಟಾ?”

ಆ ಪ್ರಶ್ನೆಗೆ ಒಂದು ‘ಹೌದು’ ಸಾಕಿತ್ತು. ನನ್ನ ನೋಂದಣಿ, ನನ್ನ ಹಗಲುಗಳು, ಮಾತಾಡಿಸಬೇಕಾದ ಅಜ್ಜ ಅಜ್ಜಿಯರು, ಎಲ್ಲ ಆ ಒಂದು ಮಾತಿನ ಮೇಲೆ ನಿಂತಿತ್ತು. ಅಮ್ಮ ಸೆರಗು ಸರಿಮಾಡಿಕೊಂಡಳು.

“ಎಂತ ಕಷ್ಟವೂ ಇಲ್ಲ ಸಾಮಿ. ದೇವರು ಕೊಟ್ಟದ್ದು ಎಲ್ಲ ಉಂಟು.”

“ನಮಗೆ ಎಂತದಕ್ಕೂ ಕಮ್ಮಿ ಇಲ್ಲ ಸಾರ್” ಎಂದು ಮಾವ ಅದಕ್ಕೆ ಸೇರಿಸಿದರು.

ಹೆಡ್‌ಮಾಸ್ಟರರು ನನ್ನ ಮುಖ ನೋಡಿದರು. ನಾನು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಹೊರಗೆ ನಿಂತು, ‘ಸುಳ್ಳು, ಈ ಸೋಫಾ ನಮ್ಮದಲ್ಲ’ ಎಂದು ಹೇಳಬಹುದಿತ್ತು ಎಂದು ನೀವು ಅನ್ನಬಹುದು. ಅವರೆದುರೇ ಅಮ್ಮನ ಕೊರಳಿನಿಂದ ಸರ ಬಿಚ್ಚಿಸಿದ ಹಾಗೆ ಆಗುತ್ತಿತ್ತು ಅದು.

ಕೆಲವು ದಿನಗಳ ನಂತರ ಉತ್ತರ ಬಂತು. ಹೆಚ್ಚು ಅಗತ್ಯವಿರುವವರಿಗೆ ಆದ್ಯತೆ ಕೊಟ್ಟಿದ್ದೇವೆ, ನಿಮ್ಮ ಮುಂದಿನ ಓದಿಗೆ ಶುಭವಾಗಲಿ. ನಾನು ಅಮ್ಮನಿಗೆ, “ಈ ವರ್ಷ ಚರಿತ್ರೆಯವರಿಗೆ ಇಲ್ಲವಂತೆ” ಎಂದಷ್ಟೇ ಹೇಳಿದೆ. ಮಾವನಿಗೆ ಖುಷಿಯೂ ಆಯಿತು, ಬೇಸರವೂ ಆಯಿತು. “ನಾನು ಆಗಲೇ ಹೇಳಿದ್ದೆ. ತಿಂದು ಹೋದರು, ಅಷ್ಟೇ” ಎಂದರು.

ಅಮ್ಮನಿಗೆ ನಿಜ ತಿಳಿದದ್ದು ಕಾರ್ಕಳದ ಮೀನು ಮಾರುಕಟ್ಟೆಯಲ್ಲಿ. ಹೆಡ್‌ಮಾಸ್ಟರರು ಮೀನು ಕೊಳ್ಳಲು ಬಂದವರು ಅವಳ ಗುರುತು ಹಿಡಿದರು. “ನಿಮ್ಮ ಮನೆಯ ಊಟ ಮರೆಯುವ ಹಾಗಿಲ್ಲ ಅಮ್ಮ. ಆದರೆ ಅಷ್ಟೆಲ್ಲ ಮಾಡಬಾರದಿತ್ತು. ನಿಮ್ಮದು ಅನುಕೂಲದ ಮನೆ ಅಂತ ಅಧ್ಯಕ್ಷರಿಗೆ ಕಂಡಿತು.” ಅವರು ಮನಸ್ಸಿನ ಒಳ್ಳೆಯತನದಿಂದಲೇ ಹೇಳಿರಬೇಕು. ಅಮ್ಮ ಆ ಸಂಜೆ ಬಾವಿಕಟ್ಟೆಯಲ್ಲಿ ಬುಟ್ಟಿ ತೊಳೆದಳು, ತೊಳೆಯುತ್ತಲೇ ಇದ್ದಳು. ನಾನು ಹತ್ತಿರ ಹೋದಾಗ ತಿರುಗದೆ ಕೇಳಿದಳು:

“ಊಟ ಹಾಕಿದ್ದು ತಪ್ಪಾ ಮಗಾ?”

“ತಪ್ಪಲ್ಲ.”

“ಮತ್ತೆ ಎಂತ ತಪ್ಪು?”

ನಾನು ಬಾವಿಯಿಂದ ಇನ್ನೊಂದು ಕೊಡ ನೀರು ಸೇದಿ ಅವಳ ಬುಟ್ಟಿಗೆ ಹೊಯ್ದೆ.

ಮರುವರ್ಷ ಮತ್ತೆ ಅರ್ಜಿ ಕರೆದರು. ನಾನು ಹಾಕುವುದಿಲ್ಲ ಎಂದುಕೊಂಡಿದ್ದೆ. ಮಣಿಪಾಲದ ಪಾಠದ ವಿಷಯ ಯಾರೋ ಕೇಂದ್ರಕ್ಕೆ ತಿಳಿಸಿದ್ದರು. ಪಾಠ ಬಿಡುವುದು ಅಥವಾ ಪಿಎಚ್.ಡಿ. ಬಿಡುವುದು, ಎರಡರಲ್ಲಿ ಒಂದು ಎಂದು ಮಾರ್ಗದರ್ಶಕಿ ಸ್ಪಷ್ಟವಾಗಿ ಹೇಳಿಬಿಟ್ಟರು. ಅರ್ಜಿ ಹಾಕು ಎಂದವಳು ಅಮ್ಮನೇ.

“ಅವರು ಇನ್ನೊಮ್ಮೆ ಬರ್ತಾರೆ ಅಮ್ಮ.”

“ಬರ್ಲಿ. ಈ ಸಲ ನನಗೆ ಗೊತ್ತುಂಟು.”

ಟ್ರಸ್ಟಿನವರು ಬಂದ ದಿನ ಮಾವ ನಮ್ಮ ಮನೆಗೆ ಬರಲಿಲ್ಲ. “ನಾನು ಬಂದ್ರೆ ನನ್ನ ಬಾಯಿ ಸುಮ್ಮನಿರುದಿಲ್ಲ” ಎಂದು ಹೇಳಿ ಬಂದರಿಗೆ ಹೋಗಿ ಕೂತರು. ನಾವು ಮನೆಯಲ್ಲಿದ್ದ ಏನನ್ನೂ ಬಚ್ಚಿಡಲಿಲ್ಲ, ಅಷ್ಟನ್ನು ಇಲ್ಲಿ ಹೇಳಲೇಬೇಕು. ಯಾರಿಂದಲೂ ಏನನ್ನೂ ತರಲಿಲ್ಲ, ಅಷ್ಟೇ. ನಮ್ಮ ಮನೆ ನಮ್ಮ ಮನೆಯ ಹಾಗೆಯೇ ಇತ್ತು. ಒಂದು ಬೆಂಚು, ಒಂದು ಚಾಪೆ, ಸೋರುವ ಕಡೆ ಟಾರ್ಪಾಲು ಹೊದಿಸಿದ ಹೆಂಚಿನ ಮಾಡು. ಅಮ್ಮ ಮಾರುಕಟ್ಟೆಗೆ ಉಡುವ ಸೀರೆಯಲ್ಲೇ ಬಾಗಿಲಿಗೆ ಒರಗಿ ನಿಂತಳು. ಬನ್ನಿ ಎಂದಳು, ಕೂತುಕೊಳ್ಳಿ ಎಂದಳು.

ನಾನು ಕಾಯುತ್ತಿದ್ದೆ. ಈಗ ಒಳಗೆ ಹೋಗುತ್ತಾಳೆ, ಈಗ ತಟ್ಟೆ ತರುತ್ತಾಳೆ ಎಂದು. ಅವಳು ಕದಲಲಿಲ್ಲ. ಒಲೆಯ ಮೇಲಿನ ಹಲಗೆಯಲ್ಲಿ ಬೆಲ್ಲದ ಭರಣಿ ಬಾಗಿಲಿನಿಂದಲೇ ಕಾಣುತ್ತಿತ್ತು.

ಅಧ್ಯಕ್ಷರು ಎದ್ದು ಮನೆಯೊಳಗೆ ತಿರುಗಾಡಿದರು. ಮಾಡಿನ ಫೋಟೋ ತೆಗೆದರು. “ಫ್ರಿಡ್ಜ್ ಇಲ್ವಾ? ಹೋದ ಸಲ ಸೋಫಾ ಇತ್ತಲ್ಲ?” ಎಂದರು. “ಅದು ಪಕ್ಕದ ಮನೆಯದ್ದು” ಎಂದೆ. ಅವರಿಗೆ ಸಮಾಧಾನವಾದ ಹಾಗೆ ಕಂಡಿತು. ಅಮ್ಮನನ್ನು ಒಲೆಯ ಹತ್ತಿರ ನಿಲ್ಲಿಸಿದರು.

“ಸ್ವಲ್ಪ ಈಚೆ ಬನ್ನಿ ಅಮ್ಮ. ಹಾಂ. ನಗಬೇಡಿ, ಸುಮ್ಮನೆ ನಿಲ್ಲಿ.”

ಅಮ್ಮ ನಗುತ್ತಿರಲಿಲ್ಲ. ಅವಳ ಹಲ್ಲು ಸ್ವಲ್ಪ ಮುಂದೆ, ಅಷ್ಟೇ.

ಹೊರಗೆ ಬಿಸಿಲು ಸುಡುತ್ತಿತ್ತು. ಹೆಡ್‌ಮಾಸ್ಟರರು ಬೆಂಚಿನ ತುದಿಯಲ್ಲಿ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಕೂತಿದ್ದರು. ಹೊರಡುವ ಮೊದಲು ಸಂಕೋಚದಿಂದ ಕೇಳಿದರು:

“ಒಂದು ಲೋಟ ನೀರು ಸಿಗಬಹುದಾ ಅಮ್ಮ?”

ಮನೆಗೆ ಬಂದವರು ಬಾಯಿಬಿಟ್ಟು ನೀರು ಕೇಳುವುದು. ಅದಕ್ಕಿಂತ ದೊಡ್ಡ ಅವಮಾನ ನಮ್ಮ ಮನೆಗೆ ಆದದ್ದು ನನಗೆ ನೆನಪಿಲ್ಲ. ಅಮ್ಮ ನೀರು ತಂದುಕೊಟ್ಟಳು. ಬರೀ ನೀರು. ಅವಳು ಮುಖ ತಿರುಗಿಸಿಕೊಂಡೇ ಲೋಟ ಚಾಚಿದ್ದರಿಂದ ಅವರ ಪಂಚೆಯ ಮೇಲೆ ಚೆಲ್ಲಿತು. ಅವರು “ತೊಂದರೆ ಇಲ್ಲ” ಎಂದರು. ಕಾರು ಹೋದ ಮೇಲೆ ಅಮ್ಮನನ್ನು ಕೇಳಿದೆ:

“ಒಂದು ತುಂಡು ಬೆಲ್ಲ ಕೊಟ್ಟಿದ್ರೆ ಎಂತ ಆಗ್ತಿತ್ತು?”

“ಕೊಟ್ಟರೆ, ಇವರಲ್ಲಿ ಉಂಟು ಅಂತ ಬರ್ಕೊಳ್ತಾರೆ.”

ಆ ಸಲ ನೆರವು ಮಂಜೂರಾಯಿತು. ಪ್ರಬಂಧ ಮುಗಿಯುವವರೆಗೂ ತಪ್ಪದೆ ಬಂತು, ಅದರಲ್ಲಿ ದೂರಿಲ್ಲ. ನಾನು ಮಣಿಪಾಲದ ಪಾಠ ಬಿಟ್ಟೆ, ಹಗಲುಗಳು ಮರಳಿ ಸಿಕ್ಕಿದವು, ಕಾರ್ಕಳದ ಸುತ್ತ ಹಳ್ಳಿ ಹಳ್ಳಿ ಸುತ್ತಿದೆ. ಹೋದಲ್ಲೆಲ್ಲ ಮೊದಲು ಬೆಲ್ಲ ನೀರು ಕೊಟ್ಟರು. ಮಾಡು ಇಲ್ಲದವರೂ ಕೊಟ್ಟರು. ನಾನು ನೀರು ಕುಡಿದು ಬೆಲ್ಲವನ್ನು ತಟ್ಟೆಯಲ್ಲೇ ಬಿಡುತ್ತಿದ್ದೆ.

ಟ್ರಸ್ಟಿನ ವಾರ್ಷಿಕೋತ್ಸವಕ್ಕೆ ಹೋಗಲೇಬೇಕಿತ್ತು. ಉಡುಪಿಯ ದೊಡ್ಡ ಸಭಾಂಗಣ. ನೆರವು ಪಡೆದವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಡುತ್ತಿದ್ದರು. ನನ್ನ ಸರದಿ ಬಂದಾಗ ಹಿಂದಿನ ಪರದೆಯ ಮೇಲೆ ನಮ್ಮ ಒಲೆ ಕಾಣಿಸಿತು. ಒಲೆಯ ಪಕ್ಕದಲ್ಲಿ ಅಮ್ಮ, ಗೋಡೆಯಷ್ಟು ಎತ್ತರ. ಧ್ವನಿವರ್ಧಕದಲ್ಲಿ ಯಾರೋ, “ಇಂಥ ಕಡುಬಡತನದಲ್ಲಿ ಅರಳಿದ ಹೂವು” ಎಂದರು. ಚಪ್ಪಾಳೆ ಬಿತ್ತು. ಅಮ್ಮ ಮತ್ತು ಮಾವ ಸಭೆಯ ಮಧ್ಯದಲ್ಲೇ ಕೂತಿದ್ದರು. ಅಮ್ಮ ತನ್ನ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಅದನ್ನು ನೋಡಿದವರು ಯಾರೂ ಇರಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ, ಕಾಪು ದಾಟಿದ ಮೇಲೆ ಮಾವ ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲೆ ತಿರುಗಿಸುತ್ತಾ ಹೇಳಿದರು:

“ನಮ್ಮ ಒಲೆ ಅಷ್ಟು ದೊಡ್ಡದು ಅಂತ ಗೊತ್ತೇ ಇರ್ಲಿಲ್ಲ ಮಾರಾಯ್ತಿ.”

ಅವರು ನಗಿಸಲು ಹೇಳಿದ್ದು. ಅಮ್ಮ ಕಿಟಕಿಯ ಹೊರಗೆ ನೋಡಿದಳು.

ಘಟಿಕೋತ್ಸವದಲ್ಲಿ ಕೈಗೆ ಬಂದ ಚಂದದ ಫೈಲಿನೊಳಗೆ ಅಭಿನಂದನೆಯ ಒಂದು ಹಾಳೆ ಮಾತ್ರ ಇತ್ತು. ನಿಜವಾದ ಸರ್ಟಿಫಿಕೇಟ್ ಆಮೇಲೆ, ಕಚೇರಿಯ ಕಿಟಕಿಯಲ್ಲಿ ಸಿಕ್ಕಿತು. ಅಲ್ಲಿನವರು ಫೋನಿನಲ್ಲಿ ಮಾತಾಡುತ್ತಲೇ ಬೆರಳಿನಿಂದ ಸಹಿಯ ಜಾಗ ತೋರಿಸಿ ಅದನ್ನು ನನ್ನ ಕಡೆ ತಳ್ಳಿದರು. ನನಗೆ ಅದರಲ್ಲಿ ಬೇಸರವಿಲ್ಲ. ಶಾಲು ಇಲ್ಲದೆ, ಪರದೆ ಇಲ್ಲದೆ ಸಿಕ್ಕಿತು. ಅದರಲ್ಲಿ ನನ್ನ ಹೆಸರಿತ್ತು, ನನ್ನ ವಿಷಯವಿತ್ತು, ಬೇರೆ ಯಾರದೂ ಇರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅಧ್ಯಕ್ಷರ ಫೋನು. “ನಮ್ಮ ಟ್ರಸ್ಟಿನ ಮೊದಲ ಡಾಕ್ಟರೇಟ್ ನಿಮ್ಮದು! ಮನೆಗೇ ಬಂದು ಸನ್ಮಾನ ಮಾಡ್ತೇವೆ. ಅಮ್ಮನ ಜೊತೆ ಒಂದು ಫೋಟೋ ಬೇಕು, ಅದೇ ಒಲೆ ಹತ್ರ.” ಕೇಳಿ ಹೇಳುತ್ತೇನೆ ಎಂದು ಇಟ್ಟೆ.

ಅಮ್ಮ ಆಗಷ್ಟೇ ಕಾರ್ಕಳದಿಂದ ಬಂದಿದ್ದಳು. ಕೈ ತೊಳೆದು, ಸೆರಗಿನಲ್ಲಿ ಒರೆಸಿ, ಮೂಸಿ ನೋಡಿ, ಮತ್ತೆ ಹೋಗಿ ಸಾಬೂನು ಹಾಕಿ ತೊಳೆದು ಬಂದಳು. ನಾನು ಸರ್ಟಿಫಿಕೇಟನ್ನು ಅವಳ ಎರಡೂ ಕೈಯಲ್ಲಿಟ್ಟೆ. ನನ್ನ ಹೆಸರಿನ ಮೇಲೆ ಬೆರಳು ಇಟ್ಟು, ಇದು ನೀನಾ ಎಂಬಂತೆ ನೋಡಿದಳು. ನಾನು ಹೌದು ಎಂದೆ. ಆಮೇಲೆ ಅವರು ಬರುವ ವಿಷಯ ಹೇಳಿದೆ, ಬೇಡ ಎನ್ನಲಾ ಎಂದು ಕೇಳಿದೆ. ಅವಳು ಸರ್ಟಿಫಿಕೇಟನ್ನು ಜೋಪಾನವಾಗಿ ಫೈಲಿನೊಳಗೆ ಇಟ್ಟಳು.

“ಇನ್ನು ಅವರು ನಿನಗೆ ಎಂತದೂ ಕೊಡ್ಲಿಕ್ಕಿಲ್ಲ ಅಲ್ವಾ?”

“ಇಲ್ಲ ಅಮ್ಮ. ಎಲ್ಲ ಮುಗೀತು.”

“ಹಾಗಾದ್ರೆ ಬರ್ಲಿ. ಈ ಸಲ ಬೆಲ್ಲ ನೀರು ಕೊಡಬಹುದಲ್ಲ?”